ಮೊದಲು ನೋಟ್‌ಬುಕ್ಕು, ಆಮೇಲೆ ಕೋಚಿಂಗು

ಪುಟ್ಟಿ,

ಚೆಸ್ ಕೋಚಿಂಗಿಗೆ ಅಂತ ನೀನು ಕೇಳಿದ ದುಡ್ಡು ಕೊಡಲು ನನ್ನದೇನೂ ತಕರಾರಿಲ್ಲ. ಆದರೆ ಈ ತಿಂಗಳು ಬೇಡ. ಈ ವರ್ಷವೇ ಬೇಡ ಅಂತ ನನ್ನ ಅಭಿಪ್ರಾಯ. ಕನಕಪುರದಿಂದ ಪ್ರತಿ ಶನಿವಾರ ಬೆಂಗಳೂರಿಗೆ ಹೋಗಿ, ಟ್ರಾಫಿಕ್ಕಿನಲ್ಲಿ ನಿಂತು ನಿಂತು, ಒಂದು ಗಂಟೆ ಪಾಠ ಕೇಳಿಕೊಂಡು ಕತ್ತಲಾದ ಮೇಲೆ ಮನೆ ಸೇರಿದರೆ ತಲೆಗೆ ಹತ್ತುವುದು ಅಷ್ಟರಲ್ಲೇ ಇದೆ. ಈಗ ನಿನಗೆ ಕಾಯಿಗಳ ನಡೆ ಗೊತ್ತು, ರಾಜನಿಗೆ ಕೋಟೆ ಕಟ್ಟುವುದು ಗೊತ್ತು. ಈ ಹಂತದಲ್ಲಿ ಯಾವ ಕೋಚಾದರೂ ಹೇಳುವುದು ಇಷ್ಟೇ: ಕಾಯಿ ಪುಕ್ಕಟೆ ಕೊಡಬೇಡ, ಆಡಿದ್ದನ್ನು ಬರೆದಿಡು, ದಿನಾ ನಾಲ್ಕು ಲೆಕ್ಕ ಬಿಡಿಸು. ಅದನ್ನು ನಾನೇ ಹೇಳಿಬಿಡುತ್ತೇನೆ.

2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದಾಗಿನಿಂದ ಚೆಸ್ ಕ್ಲಾಸಿನ ಬೋರ್ಡುಗಳು ಎಲ್ಲ ಕಡೆ ಕಾಣುತ್ತಿವೆ. ಹದಿನೆಂಟರ ಹುಡುಗ ಆ ಪಟ್ಟಕ್ಕೆ ಏರಿದ್ದನ್ನು ನೋಡಿ ಯಾರಿಗಾದರೂ ಆಸೆ ಹುಟ್ಟುತ್ತದೆ, ತಪ್ಪಲ್ಲ. ಆದರೆ ಅವನ ಜೊತೆ ಊರೂರು ತಿರುಗಲು ಅವನ ಅಪ್ಪ ಡಾಕ್ಟರಿಕೆಯನ್ನೇ ಬಿಟ್ಟಿದ್ದರು ಅನ್ನುವುದನ್ನೂ ಜೊತೆಗೆ ನೆನಪಿಡಬೇಕು. ಈ ಆಟದಲ್ಲಿ ತುದಿಗೆ ಹೋಗುವುದು ಬಲು ದುಬಾರಿ. ಬುಡದಿಂದ ಒಂದು ಆಳಿನೆತ್ತರ ಹತ್ತುವುದಕ್ಕೆ ಮಾತ್ರ ಖರ್ಚೇ ಇಲ್ಲ ಅನ್ನಬಹುದು, ಹೊತ್ತು ಕೊಡಬೇಕು ಅಷ್ಟೆ. ನೀನು ನಿಂತಿರುವುದು ಬುಡದಲ್ಲಿ. ಬೇಜಾರು ಮಾಡಿಕೊಳ್ಳಬೇಡ.

ಬೋರ್ಡಿನ ವಿಷಯಕ್ಕೆ ಬರೋಣ. ತಾತ ಚನ್ನಪಟ್ಟಣದಲ್ಲೇ ಇದ್ದಾನಲ್ಲ, ಬಣ್ಣದ ಮರದ ಸೆಟ್ಟೊಂದು ತರಿಸಿಕೊಳ್ಳೋಣ ಅಂತ ನಿನ್ನ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆಲೆ ಮರದ ಕಾಯಿ, ಅರಗಿನ ಬಣ್ಣ, ಗರಿ ಒತ್ತಿ ಬರಿಸಿದ ಹೊಳಪು, ಕಣ್ಣಿಗೆ ಹಬ್ಬವೇ. ನಿನ್ನ ಮದುವೆಗೆ ಕೊಡಿಸುತ್ತೇನೆ. ಕಲಿಯುವುದಕ್ಕೆ ಮಾತ್ರ ಅದು ಬೇಡ. ಟೂರ್ನಮೆಂಟುಗಳಲ್ಲಿ ಇಡುವುದು ಸ್ಟಾಂಟನ್ ಮಾದರಿಯ ಬಿಳಿ ಕಪ್ಪು ಕಾಯಿ. 1849ರಲ್ಲಿ ಲಂಡನ್ನಿನ ಜಾಕ್ಸ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಆ ಆಕಾರಗಳೇ ಇವತ್ತಿಗೂ ನಡೆದುಕೊಂಡು ಬಂದಿವೆ. ಒಂಟೆ ಯಾವುದು ಸಿಪಾಯಿ ಯಾವುದು ಅಂತ ಕಣ್ಣು ಹುಡುಕಬಾರದು, ನೋಡಿದ ತಕ್ಷಣ ಬೋರ್ಡು ಪೂರ್ತಿ ಕಾಣಬೇಕು. ಅದಕ್ಕೆ ಅದೇ ಆಕಾರದ ಪ್ಲಾಸ್ಟಿಕ್ ಕಾಯಿ, ಸುರುಳಿ ಸುತ್ತಿಡುವ ರೆಕ್ಸಿನ್ ಹಾಸು ಸಾಕು. ಕೆಲವು ನೂರು ರೂಪಾಯಿಯೊಳಗೆ ಮುಗಿಯುತ್ತದೆ, ಅದನ್ನು ನಾನು ಈಗಲೇ ಕೊಡುತ್ತೇನೆ. ಅಂಗೈಯಗಲದ ಮ್ಯಾಗ್ನೆಟ್ ಸೆಟ್ಟು ಬಸ್ಸಿಗೆ ಸರಿ, ಮನೆಗಲ್ಲ.

ಅಲ್ಲಿಯತನಕ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಐದೈದು ಸೆಂಟಿಮೀಟರಿನ ಮನೆ ಗೆರೆ ಹಾಕು. ಎಂಟು ಎಂಟಲಿ ಅರವತ್ತನಾಲ್ಕು, ನಲವತ್ತು ಸೆಂಟಿಮೀಟರಿನ ಬೋರ್ಡು ಸಿದ್ಧ. ನಿನ್ನ ಬಲಗೈ ಮೂಲೆಗೆ ಬಿಳಿ ಮನೆ ಬರಬೇಕು, ಮರೆಯಬೇಡ. ಸಿನಿಮಾಗಳಲ್ಲಿ ಜಾಹೀರಾತುಗಳಲ್ಲಿ ಎಷ್ಟೋ ಸಲ ಅದೇ ತಿರುವುಮುರುವಾಗಿರುತ್ತದೆ. ಮರದ ಕಾಯಿಯೇ ಬೇಕು ಅನ್ನಿಸಿದರೆ ಬೇಸಿಗೆ ರಜೆಯಲ್ಲಿ ಬಾ, ಕಲಾನಗರದ ಕಡೆ ಹೋಗಿ ಲೇತಿನ ಮುಂದೆ ಕೂತವರನ್ನು ಕೇಳೋಣ. ರಾಜ, ಮಂತ್ರಿ, ಒಂಟೆ, ಆನೆ, ಸಿಪಾಯಿ ಎಲ್ಲವನ್ನೂ ತಿರುಗುವ ಮರಕ್ಕೆ ಉಳಿ ಕೊಟ್ಟು ತೆಗೆಯಬಹುದು. ಕುದುರೆ ಮಾತ್ರ ಹಾಗೆ ಬರುವುದಿಲ್ಲ, ಅದರ ಮುಖವನ್ನು ಕೈಯಲ್ಲೇ ಕೆತ್ತಬೇಕು. ಒಳ್ಳೆಯ ಮರದ ಸೆಟ್ಟಿಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ನಾಲ್ಕು ಕುದುರೆಗಳ ಮುಖಕ್ಕೇ ಹೋಗುತ್ತದೆ.

ಕಾಯಿ ಇಲ್ಲದಿದ್ದರೆ ಆಟ ನಿಲ್ಲಬೇಕಾಗಿಲ್ಲ. ರಾಮದೇವರ ಬೆಟ್ಟದಲ್ಲಿ ತೆಗೆದ ‘ಶೋಲೆ’ಯ ಠಾಕೂರ್ ಸಂಜೀವ್ ಕುಮಾರ್, ಗಬ್ಬರ್ ಅಮ್ಜದ್ ಖಾನ್ ಇಬ್ಬರೂ ಎರಡು ವರ್ಷದ ಮೇಲೆ, 1977ರಲ್ಲಿ, ಸತ್ಯಜಿತ್ ರಾಯ್ ಅವರ ‘ಶತರಂಜ್ ಕೆ ಖಿಲಾಡಿ’ಯಲ್ಲೂ ಪಾತ್ರ ಮಾಡಿದ್ದರು. ಅದರಲ್ಲಿ ಗಂಡನ ಚೆಸ್ ಹುಚ್ಚಿಗೆ ರೋಸಿಹೋದ ಹೆಂಡತಿ ಕಾಯಿಗಳನ್ನೇ ಮಾಯ ಮಾಡುತ್ತಾಳೆ. ಗಂಡ, ಅವನ ಜೊತೆ ಆಡುವ ಗೆಳೆಯ ಇಬ್ಬರೂ ಜಹಗೀರುದಾರರು, ಬಿಡುತ್ತಾರೆಯೇ? ಕಾಯಿಪಲ್ಲೆ ಜೋಡಿಸಿಕೊಂಡು ಆಟ ಮುಂದುವರಿಸುತ್ತಾರೆ. ಅಷ್ಟರಲ್ಲಿ ಅತ್ತ ಅವಧ ರಾಜ್ಯ ಇಂಗ್ಲಿಷರ ಪಾಲಾಗುತ್ತಿರುತ್ತದೆ. ಅವರಿಂದ ಕಾಯಿಪಲ್ಲೆಯ ಉಪಾಯ ಮಾತ್ರ ಕಲಿ, ಉಳಿದದ್ದು ಬೇಡ.

ಯಾಕೆ ಈ ಮಾತು ಬಂತೆಂದರೆ, ನಿಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾಲ್ಕನೇ ಜ್ವರ ಎದ್ದ ಹುಳು ಹಣ್ಣಾಗುವವರೆಗೆ ಮನೆಮಂದಿಗೆಲ್ಲ ನಿದ್ದೆಗೂ ಬಿಡುವಿಲ್ಲ. ಆ ವಾರ ಚೆಸ್ಸಿನ ಮಾತೆತ್ತದೆ ಸೊಪ್ಪು ತರಲು ಹೋಗು. ನೀನು ಬೋರ್ಡು ಹಾಸಿಕೊಂಡು ಕೂತಿರುವುದನ್ನು ನಿಮ್ಮಪ್ಪ ಒಂದು ಸಲ ನೋಡಿದರೆ ಆಟಕ್ಕೇ ಕಲ್ಲು ಬೀಳುತ್ತದೆ. ಹುಳು ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವ ಹಾಗಿಲ್ಲ, ಮನೆಯೇ ಸುಮ್ಮನಿರುತ್ತದೆ. ಒಂದೊಂದು ಕಡೆಗೆ ಅರ್ಧ ಗಂಟೆ ಇಟ್ಟುಕೊಂಡು ಆಡುವ ದೊಡ್ಡ ಆಟಕ್ಕೆ ಅದೇ ಹೊತ್ತು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ಮುಂದಿನ ಚಾಕಿ ಮನೆಗೆ ಬರುವವರೆಗಿನ ದಿನಗಳೂ ನಿನ್ನವೇ. ಮಿಕ್ಕ ದಿನ ಇಪ್ಪತ್ತು ನಿಮಿಷ ಸಾಕು. ದಿನಾ ಇಪ್ಪತ್ತು ನಿಮಿಷ ಕೂರುವವರು ಭಾನುವಾರ ಪೂರ್ತಿ ಕೂರುವವರಿಗಿಂತ ಮುಂದೆ ಹೋಗುವುದನ್ನು ನಾನು ನೋಡಿದ್ದೇನೆ.

ಇನ್ನು ನೋಟ್‌ಬುಕ್ಕು. ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ಕು, ನಿನ್ನ ಕೋಚಿಂಗಿನ ಮುಕ್ಕಾಲು ಪಾಲು ಅದರಲ್ಲೇ ಇದೆ. ಪುಟ್ಟಿ, ಉಳಿದದ್ದು ಮರೆತರೂ ಇದನ್ನು ಮರೆಯಬೇಡ. ಆಡಿದ ಪ್ರತಿ ಆಟವನ್ನೂ ಬರೆ. ಎಡದಿಂದ ಬಲಕ್ಕೆ ಎ, ಬಿ, ಸಿ ಅಂತ ಎಚ್‌ವರೆಗೆ, ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8ರವರೆಗೆ. ಕಲಿಯಲು ಒಂದು ಸಂಜೆ ಸಾಕು. ಹೇಗೆಂದು ತೋರಿಸಲು ಹೊಸಬರೆಲ್ಲ ಒಂದಲ್ಲ ಒಂದು ದಿನ ಸೋಲುವ ಆಟವನ್ನೇ ಬರೆಯುತ್ತೇನೆ, ಬೋರ್ಡು ಮುಂದಿಟ್ಟುಕೊಂಡು ಓದು.

ಬಿಳಿ ಸಿಪಾಯಿ ಇ4, ಕಪ್ಪು ಸಿಪಾಯಿ ಇ5. ಬಿಳಿ ಒಂಟೆ ಸಿ4, ಕಪ್ಪು ಕುದುರೆ ಸಿ6. ಬಿಳಿ ಮಂತ್ರಿ ಎಚ್5, ಕಪ್ಪು ಕುದುರೆ ಎಫ್6. ಬಿಳಿ ಮಂತ್ರಿ ಎಫ್7ರ ಸಿಪಾಯಿಯನ್ನು ಹೊಡೆದು ಚೆಕ್‌ಮೇಟ್. ನಾಲ್ಕೇ ನಡೆ.

ಇದನ್ನು ಬರೆದಿಡದೆ ಎದ್ದುಹೋದವರು ನಾಳೆಯೂ ಹೀಗೇ ಸೋಲುತ್ತಾರೆ. ಬರೆದಿದ್ದರೆ ಮೂರನೇ ನಡೆಯ ಹತ್ತಿರ ಬೆರಳಿಟ್ಟು ಕೇಳಬಹುದು. ಎಚ್5ಕ್ಕೆ ಬಂದ ಮಂತ್ರಿಯನ್ನು ಕಂಡ ಕೂಡಲೇ ಕಪ್ಪು ಅದರ ಮೇಲೆ ಕುದುರೆ ಬಿಟ್ಟಿತು. ಮಂತ್ರಿಗೆ ಬೆದರಿಕೆ ಹಾಕಿದ ಖುಷಿ. ಆ ಮಂತ್ರಿ ಅಲ್ಲಿಗೆ ಯಾಕೆ ಬಂತು ಅಂತ ಕೇಳಲಿಲ್ಲ. ಕೇಳಿದ್ದರೆ ಒಂಟೆಯೂ ಮಂತ್ರಿಯೂ ಸೇರಿ ಎಫ್7ರ ಮೇಲೆ ಕಣ್ಣಿಟ್ಟಿರುವುದು ಕಾಣುತ್ತಿತ್ತು, ಆ ಮನೆಗೆ ರಾಜ ಬಿಟ್ಟರೆ ಬೇರೆ ಆಸರೆ ಇಲ್ಲ ಅನ್ನುವುದೂ ಕಾಣುತ್ತಿತ್ತು. ಅಲ್ಲಿ ಸಿಪಾಯಿಯನ್ನು ಜಿ6ಕ್ಕೆ ತಳ್ಳಬೇಕಿತ್ತು. ಮಂತ್ರಿ ಎಫ್3ಕ್ಕೆ ಸರಿದು ಮತ್ತೆ ಎಫ್7ರ ಮೇಲೆ ಬೆದರಿಕೆ ಇಡುತ್ತದೆ. ಈಗ ಕುದುರೆ ಎಫ್6ಕ್ಕೆ ಬಂದು ದಾರಿಗೆ ಅಡ್ಡ ನಿಲ್ಲಲಿ. ನೋಡು, ಕಪ್ಪಿನ ಎರಡು ಕುದುರೆಯೂ ಕಣಕ್ಕೆ ಇಳಿದಿವೆ. ಬಿಳಿಯ ಮಂತ್ರಿ ಎರಡು ಸಲ ಓಡಾಡಿ, ತನ್ನ ಕುದುರೆ ಬರಬೇಕಾದ ಮನೆಯನ್ನೇ ಹಿಡಿದುಕೊಂಡು ಕೂತಿದೆ. ಅದೇ ಕುದುರೆ ಎಫ್6ಕ್ಕೆ ಒಂದು ನಡೆ ಮುಂಚೆ ಬಂದರೆ ಸಾವು, ಒಂದು ನಡೆ ತಡೆದು ಬಂದರೆ ಒಳ್ಳೆಯ ಆಟ.

ಪುಟದ ಕೆಳಗೆ ಎರಡು ಸಾಲು ಬಿಟ್ಟಿರು. ಆಟ ಮುಗಿದ ಮೇಲೆ, ಫೋನು ಮುಟ್ಟುವ ಮುಂಚೆ, ಅಲ್ಲಿ ನಿನ್ನ ಕೈಬರಹದಲ್ಲಿ ಎರಡು ವಿಷಯ ಇರಬೇಕು. ಎಷ್ಟನೇ ನಡೆಯಲ್ಲಿ ಏನು ಮಾಡಬೇಕೆಂದು ತೋಚಲಿಲ್ಲ? ಎಷ್ಟನೇ ನಡೆಯಲ್ಲಿ ಕಾಯಿ ಹೋಯಿತು, ಯಾಕೆ ಹೋಯಿತು? ‘14ನೇ ನಡೆ, ಆನೆಗೆ ಆಸರೆ ಇಲ್ಲದ್ದು ನೋಡಲಿಲ್ಲ’ ಅಂತ ಬರೆದರೆ ಸಾಕು, ಪ್ರಬಂಧ ಬೇಡ. ಗೆದ್ದ ಆಟಕ್ಕೂ ಬರೆ, ಎದುರಿನವರು ಕೊಟ್ಟದ್ದರಿಂದ ಗೆದ್ದೆಯೋ ನೀನೇ ಗಳಿಸಿದೆಯೋ ಆಗ ಗೊತ್ತಾಗುತ್ತದೆ. ಅರ್ಧ ನೋಟ್‌ಬುಕ್ಕು ತುಂಬಿದ ಮೇಲೆ ಆ ಸಾಲುಗಳನ್ನಷ್ಟೇ ಒಟ್ಟಿಗೆ ಓದು. ಒಬ್ಬೊಬ್ಬರಿಗೆ ಒಂದೊಂದು ಚಾಳಿ ಇರುತ್ತದೆ. ಕೆಲವರು ಪದೇ ಪದೇ ಕುದುರೆಯ ಎರಡು ಕಡೆಯ ಏಟಿಗೆ ಸಿಕ್ಕಿಬೀಳುತ್ತಾರೆ. ಕೆಲವರಿಗೆ ಮೊದಲ ಸಾಲಿನಲ್ಲಿ ಕೂತ ರಾಜನಿಗೆ ಉಸಿರಾಡಲು ಕಿಟಕಿ ಬಿಡುವುದೇ ಮರೆತುಹೋಗುತ್ತದೆ. ನಿನ್ನ ಚಾಳಿ ಏನೆಂದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ದುಡ್ಡು ಕೊಟ್ಟು ಕರೆಸಿದ ಕೋಚೂ ಅದನ್ನು ಕಂಡುಹಿಡಿಯಲು ನಿನ್ನ ಹಳೆಯ ಆಟಗಳನ್ನೇ ಕೇಳುತ್ತಾರೆ.

ಆಡುವಾಗ ಪ್ರತಿ ನಡೆಗೂ ಮುಂಚೆ ಒಂದು ಉಸಿರು ನಿಲ್ಲು. ಎದುರಿನವರ ನಡೆ ಯಾಕೆ ಬಂತು? ಅವರ ಕೈಯಲ್ಲಿ ಚೆಕ್ ಇದೆಯೇ, ಹೊಡೆತ ಇದೆಯೇ, ಬೆದರಿಕೆ ಇದೆಯೇ? ನಾನು ಈಗ ಇಡುವ ಕಾಯಿಗೆ ಆಸರೆ ಇದೆಯೇ? ಸಿಪಾಯಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9 ಅನ್ನುವ ಲೆಕ್ಕ ಬಾಯಿಗೆ ಬಂದಿದ್ದರೆ ಕೊಡು-ಕೊಳ್ಳುವ ವ್ಯವಹಾರದಲ್ಲಿ ಮೋಸ ಹೋಗುವುದಿಲ್ಲ. ಓಪನಿಂಗುಗಳ ಹೆಸರನ್ನು ಉರು ಹೊಡೆಯುತ್ತಾ ಕೂರಬೇಡ. ನಡುವಿನ ಮನೆಗಳಿಗೆ ಸಿಪಾಯಿ, ಕುದುರೆ ಒಂಟೆ ಹೊರಗೆ, ರಾಜನಿಗೆ ಕೋಟೆ. ಒಂದು ವರ್ಷಕ್ಕೆ ಅಷ್ಟು ಓಪನಿಂಗ್ ಧಾರಾಳವಾಯಿತು.

ಎಲ್ಲರೂ ಮೊದಲಿನಿಂದ ಕಲಿಯುತ್ತಾರೆ, ನೀನು ಕೊನೆಯಿಂದ ಕಲಿ. ಎರಡು ನಾಣ್ಯ, ಒಂದು ಹುಣಸೆಬೀಜ ತೆಗೆದುಕೊ. ಬಿಳಿ ರಾಜ ಇ5, ಅದರ ಹಿಂದೆ ಬಿಳಿ ಸಿಪಾಯಿ ಇ4, ಎದುರು ಕಪ್ಪು ರಾಜ ಇ7. ಬೋರ್ಡಿನ ಮೇಲೆ ಇರುವುದೇ ಮೂರು ಕಾಯಿ. ಈಗ ಕಪ್ಪಿನ ಸರದಿಯಾದರೆ ಬಿಳಿ ಗೆಲ್ಲುತ್ತದೆ. ಬಿಳಿಯ ಸರದಿಯಾದರೆ ಆಟ ಡ್ರಾ. ರಾಜರಿಬ್ಬರೂ ಒಂದೇ ಮನೆಯ ಅಂತರದಲ್ಲಿ ಮುಖಾಮುಖಿ ನಿಂತಾಗ ನಡೆಯಲೇಬೇಕಾದವನು ದಾರಿ ಬಿಟ್ಟುಕೊಡಬೇಕಾಗುತ್ತದೆ, ಗುಟ್ಟು ಅಷ್ಟೇ. ನಿನ್ನ ತಮ್ಮನನ್ನು ಎದುರು ಕೂರಿಸಿಕೊಂಡು ಇದೊಂದನ್ನೇ ಎರಡು ಕಡೆಯಿಂದಲೂ ಆಡು. ಡ್ರಾ ಉಳಿಸಿಕೊಳ್ಳುವ ಕಪ್ಪಿಗೆ ಒಂದು ಸೂತ್ರ ಇದೆ: ಹಿಂದೆ ಸರಿಯಬೇಕಾದಾಗ ಪಕ್ಕಕ್ಕೆ ಹೋಗದೆ ಸಿಪಾಯಿಯ ನೇರಕ್ಕೇ ಸರಿ. ಆಮೇಲೆ ಬರೀ ಒಂದು ಆನೆ, ಒಂದು ರಾಜ ಇಟ್ಟುಕೊಂಡು ಒಂಟಿ ರಾಜನಿಗೆ ಮೇಟ್ ಕೊಡುವುದನ್ನು ಸಾಧಿಸು. ಕಾಯಿ ಕಡಿಮೆ ಇದ್ದಾಗ ಒಂದೊಂದರ ಕಸುವೂ ಕಾಣುತ್ತದೆ.

ಇದು ನನ್ನ ಸ್ವಂತ ಬುದ್ಧಿಯಲ್ಲ. ಕ್ಯೂಬಾದ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ 1921ರಲ್ಲಿ ಬರೆದ ‘ಚೆಸ್ ಫಂಡಮೆಂಟಲ್ಸ್’ ಶುರುವಾಗುವುದೇ ಇಂಥ ಸರಳ ಮೇಟ್‌ಗಳಿಂದ. ಆ ಪುಸ್ತಕ ಈಗ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪೂರ್ತಿ ಪುಕ್ಕಟೆ ಸಿಗುತ್ತದೆ, ಕಳ್ಳ ಪ್ರತಿಯೇನಲ್ಲ. ಇಂಗ್ಲಿಷು ಸುಲಭವಾಗೇ ಇದೆ. ನಡೆ ಬರೆಯುವುದು ಮಾತ್ರ ಹಳೇ ಪದ್ಧತಿಯಲ್ಲಿ, ರಾಜನ ಸಾಲು ಮಂತ್ರಿಯ ಸಾಲು ಅಂತ ಎಣಿಸಿಕೊಂಡು ಹೋಗುತ್ತಾರೆ. ಮೊದಲ ವಾರ ಕಿರಿಕಿರಿಯಾಗುತ್ತದೆ, ಆಮೇಲೆ ಒಗ್ಗುತ್ತದೆ. ಇನ್ನೊಂದು ಪುಸ್ತಕ ಹಂಗೇರಿಯ ಲಾಸ್ಲೊ ಪೋಲ್ಗಾರ್ ಅವರದು, 5334 ಲೆಕ್ಕಗಳ ಇಟ್ಟಿಗೆಯಂಥ ಗ್ರಂಥ. ಸುಸಾನ್, ಸೋಫಿಯಾ, ಜುಡಿತ್ ಅಂತ ಮೂವರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿ ಬೆಳೆಸಿದವರು ಆತ. ಕಿರಿಯವಳು ಜುಡಿತ್ 2002ರಲ್ಲಿ ಕಾಸ್ಪರೋವ್‌ನನ್ನೇ ಸೋಲಿಸಿದಳು. ಹುಡುಗಿಯರಿಗೆ ಈ ಆಟ ಒಗ್ಗುವುದಿಲ್ಲ ಅಂತ ನಿನ್ನ ಕಾಲೇಜಿನಲ್ಲಿ ಯಾರಾದರೂ ಅಂದರೆ ಆ ಹೆಸರು ಹೇಳು. ಆ ಪುಸ್ತಕ ಕೊಳ್ಳಬೇಡ, ಬೆಲೆ ಜಾಸ್ತಿ. ಅಂಥ ಲೆಕ್ಕಗಳು ಫೋನಿನಲ್ಲೇ ಸಿಗುತ್ತವೆ.

ಫೋನಿನಲ್ಲಿ ಒಂದೇ ಆ್ಯಪ್ ಸಾಕು, ಲಿಚೆಸ್. ಫ್ರಾನ್ಸಿನ ತಿಬೋ ದುಪ್ಲೆಸಿ 2010ರಲ್ಲಿ ಶುರು ಮಾಡಿದ್ದು. ಜಾಹೀರಾತಿಲ್ಲ, ಚಂದಾ ಇಲ್ಲ, ದಾನದ ದುಡ್ಡಿನಲ್ಲಿ ನಡೆಯುತ್ತದೆ. ಬೇರೆ ಕಡೆ ದಿನಕ್ಕೆ ಇಷ್ಟೇ ಲೆಕ್ಕ ಅಂತ ಬಾಗಿಲು ಹಾಕುತ್ತಾರೆ, ಇಲ್ಲಿ ಅಂಥ ಕಟ್ಟುಪಾಡಿಲ್ಲ. ಒಂದೇ ನಡೆಯಲ್ಲಿ ಮೇಟ್ ಆಗುವ ಲೆಕ್ಕಗಳನ್ನು ಆರಿಸಿಕೊಂಡು ದಿನಾ ಹತ್ತು ಬಿಡಿಸು. ಕಣ್ಣಿಗೆ ತಟ್ಟನೆ ಹೊಳೆಯುವವರೆಗೆ ಎರಡು ನಡೆಯ ಲೆಕ್ಕಕ್ಕೆ ಹೋಗಬೇಡ. ಉತ್ತರ ತಿಳಿಯದೆ ಕಾಯಿ ಎಳೆದು ನೋಡುವ ಅಭ್ಯಾಸ ಮಾತ್ರ ಕೆಟ್ಟದ್ದು, ಬೋರ್ಡಿನ ಮುಂದೆ ಹಾಗೆ ಎಳೆದು ನೋಡಲು ಯಾರೂ ಬಿಡುವುದಿಲ್ಲ. ಆಡುವುದಾದರೆ ಕಡೇಪಕ್ಷ ಹದಿನೈದು ನಿಮಿಷದ ಆಟ ಆಡು. ಒಂದು ನಿಮಿಷದ ಬುಲೆಟ್ ಆಟ ನಿನ್ನ ಹಂತದಲ್ಲಿ ಬರೀ ಬೆರಳಿನ ಕಸರತ್ತು. ಇಂಗ್ಲಿಷ್ ಮಾತು ಹಿಡಿಯಬಲ್ಲೆಯಾದರೆ ಯೂಟ್ಯೂಬಿನಲ್ಲಿ ಜಾನ್ ಬಾರ್ತಲೋಮ್ಯೂ ಅವರ ಪಾಠ ನೋಡು, ಅವರ ಸರಣಿಯ ಮೊದಲ ಪಾಠವೇ ಆಸರೆಯಿಲ್ಲದ ಕಾಯಿಗಳ ಮೇಲೆ.

ಆ ಆ್ಯಪಿನೊಳಗೆ ಸ್ಟಾಕ್‌ಫಿಶ್ ಅನ್ನುವ ಎಂಜಿನ್ ಇದೆ, ಮನುಷ್ಯ ಮಾತ್ರದವರು ಅದರೆದುರು ನಿಲ್ಲಲಾರರು. ಆಟ ಮುಗಿದ ಮೇಲೆ ಅದು ನಿನ್ನ ತಪ್ಪುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ನೋಟ್‌ಬುಕ್ಕಿನ ಎರಡು ಸಾಲು ಬರೆಯುವವರೆಗೆ ಅದನ್ನು ತೆರೆಯಲೇಬೇಡ. ಎಲ್ಲಿ ತಪ್ಪಾಯಿತು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ನಿನ್ನ ತಲೆಯಲ್ಲಿ ಆಗ ಏನು ಓಡುತ್ತಿತ್ತು ಅನ್ನುವುದು ಅದಕ್ಕೇನು ಗೊತ್ತು? ಆಡುತ್ತಿರುವಾಗಲೇ ಅದನ್ನು ಕೇಳಿ ನಡೆ ಇಡುವವರಿದ್ದಾರೆ, ಅದು ಶುದ್ಧ ಕಳ್ಳತನ. ದುಡ್ಡು ಕಟ್ಟಿ ಚೆಸ್ ಆಡಿ ಅಂತ ಕರೆಯುವ ಆ್ಯಪುಗಳ ನೆರಳೂ ಬೇಡ. ಅಂಥ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿ 2025ರ ಆಗಸ್ಟಿನಲ್ಲಿ ಕಾಯ್ದೆಯೇ ಬಂದಿದೆ. ಧರ್ಮರಾಯನ ಕಥೆ ನಿನಗೆ ಬೇರೆ ಹೇಳಬೇಕಾಗಿಲ್ಲ.

ನೆಟ್‌ವರ್ಕ್ ಇಲ್ಲದ ಹೊತ್ತಿಗೆ, ಕರೆಂಟ್ ಹೋದ ಹೊತ್ತಿಗೆ, ಕುದುರೆಯನ್ನು ಪಳಗಿಸು. ಖಾಲಿ ಬೋರ್ಡಿನ ಮೂಲೆಯಲ್ಲಿ ಕುದುರೆ ಇಟ್ಟು, ಒಮ್ಮೆ ಕಾಲಿಟ್ಟ ಮನೆಗೆ ಮತ್ತೆ ಕಾಲಿಡದೆ ಅರವತ್ತನಾಲ್ಕು ಮನೆಯನ್ನೂ ಸುತ್ತಿಸಬೇಕು. ಮನೆಗಳಿಗೆ ಪೆನ್ಸಿಲಿನಲ್ಲಿ 1, 2, 3 ಅಂತ ಅಂಕಿ ಹಾಕುತ್ತಾ ಹೋಗು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದರ ಗೀಳೇ ಇತ್ತು. ರಾಜ್ಯದ ಆಡಳಿತ ಬ್ರಿಟಿಷರ ಕೈಗೆ ಹೋದ ಮೇಲೂ ಅವರ ಆಟದ ಮಣೆಗಳು ನಿಲ್ಲಲಿಲ್ಲ. ಅವರು ಕಟ್ಟಿದ ಒಂದು ಕುದುರೆ ಸುತ್ತಿನಲ್ಲಿ ಯಾವ ಅಡ್ಡಸಾಲು, ಯಾವ ಕಂಬಸಾಲು ಕೂಡಿದರೂ 260 ಬರುತ್ತದೆ. ನೀನು ಅಷ್ಟು ದೂರ ಹೋಗಬೇಡ, ಸುತ್ತು ಮುಗಿಸು ಸಾಕು. ಸಿಕ್ಕಿಕೊಂಡರೆ ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ 1823ರಲ್ಲಿ ಹೇಳಿದ ಉಪಾಯ ನೋಡು: ಮುಂದೆ ದಾರಿ ಅತಿ ಕಡಿಮೆ ಇರುವ ಮನೆಗೇ ಮೊದಲು ಹೋಗು. ಬಸ್ಸಿನಲ್ಲಿ ಕೂತಾಗ ಕಣ್ಣು ಮುಚ್ಚಿ ಎಫ್6 ಕಪ್ಪೋ ಬಿಳಿಯೋ, ಸಿ2 ಕಪ್ಪೋ ಬಿಳಿಯೋ ಅಂತ ನಿನ್ನನ್ನೇ ಕೇಳಿಕೊ. ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ ದೃಷ್ಟಿದೋಷವಿದ್ದೂ 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚೆಸ್ ಚಿನ್ನ ತಂದವರು. ಕಣ್ಣು ಕಾಣದವರ ಬೋರ್ಡಿನಲ್ಲಿ ಕಪ್ಪು ಮನೆಗಳು ಕೊಂಚ ಎತ್ತರ, ಕಪ್ಪು ಕಾಯಿಗಳ ನೆತ್ತಿಯಲ್ಲಿ ಸಣ್ಣ ಮೊಳೆ, ಬೆರಳಲ್ಲಿ ತಡವಿ ಆಡುತ್ತಾರೆ. ಬೋರ್ಡು ಇರಬೇಕಾದದ್ದು ತಲೆಯೊಳಗೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಎದುರಾಳಿ ಎಲ್ಲಿ ಸಿಗುತ್ತಾರೆ ಅನ್ನುವುದೇ ನಿನ್ನ ನಿಜವಾದ ಕಷ್ಟ, ಅದು ನನಗೆ ಗೊತ್ತು. ಹುಡುಗರಾದರೆ ಸಂಜೆ ಅರಳಿಕಟ್ಟೆಯಲ್ಲೋ ಟೀ ಅಂಗಡಿಯ ಬೆಂಚಿನಲ್ಲೋ ಕೂತು ಆಡಿಬಿಡುತ್ತಾರೆ, ನಿನಗೆ ಅಲ್ಲಿ ಜಾಗ ಇಲ್ಲ. ಇರಬೇಕಿತ್ತು. ನಿಮ್ಮ ಗ್ರಾಮ ಪಂಚಾಯ್ತಿಯ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಅಲ್ಲಿಗೆ ಹೋಗು, ಚೆಸ್ ಬೋರ್ಡು ಇದ್ದರೆ ಬೀರುವಿನಿಂದ ಹೊರಗೆ ತೆಗೆಸು, ಇಲ್ಲದಿದ್ದರೆ ತರಿಸಿಕೊಡಿ ಅಂತ ನಾಲ್ಕು ಜನ ಗೆಳತಿಯರು ಸೇರಿ ಅರ್ಜಿ ಕೊಡಿ. ಆ ನಾಲ್ವರಿಗೂ ನೀನೇ ಕಲಿಸು. ಬೇರೆಯವರಿಗೆ ಹೇಳಿಕೊಡುವಾಗ ನಿನಗೆ ಎಲ್ಲಿ ಗೊತ್ತಿಲ್ಲ ಅನ್ನುವುದು ಬೆಳಕಿಗೆ ಬರುತ್ತದೆ. ಮಾಗಡಿಯ ನಿಮ್ಮ ದೊಡ್ಡಪ್ಪನ ಜೊತೆ ಆಡುವಾಗ ಮುಂಚೆಯೇ ಕಟ್ಟಳೆ ಮಾತಾಡಿಕೊ. ಹಳಬರು ಸಿಪಾಯಿಯನ್ನು ಮೊದಲ ಸಲವೂ ಒಂದೇ ಮನೆ ನಡೆಸುತ್ತಾರೆ, ಕೋಟೆಯ ಬದಲು ರಾಜನಿಗೆ ಒಮ್ಮೆ ಕುದುರೆ ನೆಗೆತ ಕೊಡುತ್ತಾರೆ. ಆ ಆಟವನ್ನು ಹಗುರಾಗಿ ಕಾಣಬೇಡ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅಂಥ ದೇಸಿ ಕಟ್ಟಳೆಯಲ್ಲೇ ಬೆಳೆದು, ಇಂಗ್ಲೆಂಡಿಗೆ ಹೋದ ವರ್ಷವೇ, 1929ರಲ್ಲಿ, ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಗೆದ್ದರು. ನಿಮ್ಮ ದೊಡ್ಡಪ್ಪ ಅಷ್ಟು ದೊಡ್ಡ ಆಟಗಾರರಲ್ಲ, ಆದರೂ ಆಟದ ಕೊನೆಯಲ್ಲಿ ರಾಜನನ್ನು ನಡೆಸುವ ರೀತಿ ನೋಡಿ ಕಲಿಯುವ ಹಾಗಿದೆ.

ಟೂರ್ನಮೆಂಟಿಗೆ ಹೋಗಲೇಬೇಕು, ಅದೂ ಬೇಗ. ಪಿಯು ಕಾಲೇಜುಗಳ ಕ್ರೀಡಾಕೂಟದಲ್ಲಿ ಚೆಸ್ ಇದೆ. ಪಿ.ಟಿ. ಮೇಷ್ಟ್ರಿಗೆ ಈಗಲೇ ಹೆಸರು ಕೊಡು. ಎಷ್ಟೋ ಸಲ ಚೆಸ್ಸಿಗೆ ಹೆಸರು ಕೊಡುವ ಹುಡುಗಿಯರೇ ಇಲ್ಲದೆ ಜಾಗ ಖಾಲಿ ಹೋಗುತ್ತದೆ. ತಾಲೂಕು ದಾಟಿದರೆ ಜಿಲ್ಲೆ, ಜಿಲ್ಲೆ ದಾಟಿದರೆ ರಾಜ್ಯ. ಆಚೆ ಭಾನುವಾರಗಳಲ್ಲಿ ಸಂಘ ಸಂಸ್ಥೆಗಳು ನಡೆಸುವ ಸಣ್ಣ ಟೂರ್ನಮೆಂಟುಗಳು ಇರುತ್ತವೆ. ಅಲ್ಲಿ ಸ್ವಿಸ್ ಪದ್ಧತಿ, ಸೋತರೆ ಮನೆಗೆ ಕಳಿಸುವುದಿಲ್ಲ, ನಿನ್ನಷ್ಟೇ ಅಂಕ ಇರುವವರ ಜೊತೆ ಮುಂದಿನ ಸುತ್ತು. ಒಮ್ಮೆ ಫೀಸು ಕಟ್ಟಿದರೆ ಕೊನೆಯ ಸುತ್ತಿನವರೆಗೆ ಆಟ. ರಾಮನಗರಕ್ಕೋ ಬೆಂಗಳೂರಿಗೋ ಹೋಗಿಬರಲು ನಿನಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ, 2023ರಿಂದ ಶಕ್ತಿ ಯೋಜನೆ ಇದೆಯಲ್ಲ. ಜೊತೆಗೆ ನಿಮ್ಮಮ್ಮನನ್ನೂ ಕರೆದುಕೊಂಡು ಹೋಗು, ಅವಳಿಗೂ ಒಂದು ದಿನ ಬಿಡುವಾಗಲಿ. ರೇಟಿಂಗ್ ಟೂರ್ನಮೆಂಟಿಗೆ ಮಾತ್ರ ಆತುರ ಬೇಡ, ಅಲ್ಲಿ ಪ್ರವೇಶ ಶುಲ್ಕವೇ ಭಾರ. 2024ರಿಂದ ವಿಶ್ವ ಚೆಸ್ ಸಂಸ್ಥೆ ಫಿಡೆಯವರು ರೇಟಿಂಗಿನ ತಳವನ್ನೇ 1400ಕ್ಕೆ ಏರಿಸಿದ್ದಾರೆ. ನಿನ್ನ ನೋಟ್‌ಬುಕ್ಕು ಒಂದು ತುಂಬಲಿ, ಕೆಳಗಿನ ಸಾಲುಗಳ ಸಮೇತ. ಅದನ್ನು ತಂದು ತೋರಿಸಿದ ದಿನ ಕೋಚಿಂಗಿನ ದುಡ್ಡನ್ನು ಆ ಶುಲ್ಕಕ್ಕೆ ಕಟ್ಟುತ್ತೇನೆ. ವಯಸ್ಸಾಗಿಹೋಯಿತು, ಆರು ವರ್ಷಕ್ಕೇ ಶುರು ಮಾಡಬೇಕಿತ್ತು ಅಂತ ಕೊರಗಬೇಡ. ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ಮೂವತ್ತು ದಾಟಿಯಾಗಿತ್ತು.

ಟೂರ್ನಮೆಂಟಿನ ದಿನ ಎರಡು ಪೆನ್ನು ಇಟ್ಟುಕೊ, ಒಂದು ಕೈಕೊಡುತ್ತದೆ. ಫೋನು ಅಮ್ಮನ ಹತ್ತಿರ ಬಿಟ್ಟು ಒಳಗೆ ಹೋಗು. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಅನ್ನುವುದು ಅಲ್ಲಿ ಕಟ್ಟುನಿಟ್ಟು, ಮನೆಯಲ್ಲೇ ಆ ರೂಢಿ ಮಾಡಿಕೊ. ಓರೆಯಾದ ಕಾಯಿ ಸರಿಮಾಡಬೇಕಾದರೆ ‘ಅಡ್ಜಸ್ಟ್’ ಅಂತ ಮೊದಲೇ ಹೇಳಿ ಆಮೇಲೆ ಕೈ ಹಾಕು. ಮಂತ್ರಿ ಹೋಯಿತು ಅಂತ ಕಣ್ಣೀರಿಟ್ಟು ಸೋಲೊಪ್ಪಿಕೊಂಡು ಏಳಬೇಡ, ಎದುರು ಕೂತವಳೂ ಹೊಸಬಳೇ ಆಗಿರುತ್ತಾಳೆ. ಗೆಲ್ಲುವ ಸಂಭ್ರಮದಲ್ಲಿ ನಿನ್ನ ರಾಜನಿಗೆ ಚೆಕ್ಕೂ ಕೊಡದೆ, ನಿನಗೆ ಆಡಲು ಒಂದು ನಡೆಯನ್ನೂ ಬಿಡದೆ ಸ್ಟೇಲ್‌ಮೇಟ್ ಮಾಡಿಬಿಡುತ್ತಾರೆ, ಅರ್ಧ ಅಂಕ ನಿನ್ನ ಪಾಲಿಗೆ ಬರುತ್ತದೆ. ಆಟ ಮುಗಿದ ಮೇಲೆ ಕೈಕುಲುಕಿ ಅವಳನ್ನೇ ಕೇಳು, ಎಲ್ಲಿ ಎಡವಿದೆ ಅಂತ. ಹೆಚ್ಚಿನವರು ಖುಷಿಯಿಂದಲೇ ಕಾಯಿ ಮತ್ತೆ ಜೋಡಿಸಿ ತೋರಿಸುತ್ತಾರೆ. ಆದರೆ ಹಾಲಿನೊಳಗೆ ಮಾತಾಡುತ್ತಾ ಕೂರಬೇಡ. ಪಕ್ಕದ ಬೋರ್ಡಿನಲ್ಲಿ ಆಟ ನಡೆಯುತ್ತಿರುತ್ತದೆ, ಆರ್ಬಿಟರ್ ಎಬ್ಬಿಸಿ ಹೊರಗೆ ಕಳಿಸುತ್ತಾರೆ.

ಇಂತಿ,
ಚನ್ನಪಟ್ಟಣದ ತಾತ